ಹೊಸ ಬ್ಯಾಟರಿ, ಹಳೆಯ ಟಕ ಟಕ: ವಿಜಯಪುರದ ಒಂದು ಕಾರಿನ ಪ್ರಕರಣ

2024ರ ಜನವರಿ 11, ಎಳ್ಳ ಅಮವಾಸ್ಯೆ. ತಿಕೋಟಾ ಕಡೆ ಅಕ್ಕನ ಮನೆಯವರ ಹೊಲದಲ್ಲಿದ್ದೆವು. ಚರಗ ಚೆಲ್ಲಿ, ಬನ್ನಿ ಗಿಡದ ನೆರಳಲ್ಲಿ ಕೂತು ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಉಂಡು ಏಳುವಷ್ಟರಲ್ಲಿ ಮೂರು ಗಂಟೆಯಾಗಿತ್ತು. ಬುತ್ತಿ ಗಂಟುಗಳನ್ನು ಡಿಕ್ಕಿಯಲ್ಲಿಟ್ಟು ಅಕ್ಕ ಚಾವಿ ತಿರುಗಿಸಿದಳು.

ಟಕಟಕಟಕಟಕ.

ಎಂಜಿನ್ ಒಂದು ಸುತ್ತೂ ತಿರುಗಲಿಲ್ಲ. ಅಕ್ಕ ನನ್ನ ಕಡೆ ನೋಡಿದಳು. "ಮತ್ತ ಅದ ಆತು ನೋಡು. ಬ್ಯಾಟ್ರಿ ಹಾಕಿಸಿ ಎರಡು ತಿಂಗಳು ಆಗಿಲ್ಲ."

ಆ ಮಾತು ನನಗೆ ನೇರವಾಗಿ ತಾಗಿತು. ಯಾಕೆಂದರೆ ಬ್ಯಾಟರಿ ಬದಲಿಸು ಅಂತ ಹೇಳಿದವನು ನಾನೇ. ನವೆಂಬರ್‌ನಲ್ಲಿ, ದೀಪಾವಳಿಯ ಪಾಡ್ಯ ಕಳೆದ ಒಂದೆರಡು ದಿನಕ್ಕೆ, ಅವಳು ಫೋನ್ ಮಾಡಿ "ಟಕ ಟಕ ಅಂತದ, ಚಾಲೂ ಆಗವಲ್ದು" ಅಂದಿದ್ದಳು. ಗಾಡಿ ನೋಡದೆ, ವೋಲ್ಟ್ ಅಳೆಯುವ ಮೀಟರ್ ಹಿಡಿಯದೆ, ಫೋನಿನಲ್ಲೇ ತೀರ್ಪು ಕೊಟ್ಟಿದ್ದೆ. ನಾಲ್ಕೂವರೆ ಸಾವಿರ ರೂಪಾಯಿ ಖರ್ಚು ಮಾಡಿಸಿದ್ದೆ. ಆ ಖರ್ಚು ಯಾಕೆ ಬೇಕಿರಲಿಲ್ಲ ಅನ್ನುವುದನ್ನು ಪೂರ್ತಿ ಬರೆದಿಡಬೇಕು ಅನ್ನಿಸಿತು. ಇದೇ ಸದ್ದು ಕೇಳಿ ಇದೇ ತಪ್ಪು ಮಾಡುವವರು ತುಂಬಾ ಜನ ಇದ್ದಾರೆ.

ಕಾರಿನ ಹಿಂದಿನ ಕತೆ

2011ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಮ್ಯಾನುವಲ್ ಗೇರ್. ಕ್ಲಚ್ ತಂತಿಯಿಂದ ಎಳೆಯುವಂಥದ್ದು. ಮೊದಲ ಮಾಲೀಕರಿಂದ 2018ರಲ್ಲಿ ಕೊಂಡಿದ್ದು. ಊರೊಳಗೆ ಓಡಾಟ ಜಾಸ್ತಿ, ವಾರಕ್ಕೊಮ್ಮೆ ಹೊಲಕ್ಕೆ. ಹೊಲಕ್ಕೆ ಹೋಗುವುದು ಅಂದರೆ ಎರೆ ಮಣ್ಣಿನ ದಾರಿ. ಮಳೆಗಾಲದಲ್ಲಿ ಆ ಮಣ್ಣು ಗಾಲಿಗೆ ಮಾತ್ರ ಅಂಟುವುದಿಲ್ಲ, ಕೆಳಗಿನಿಂದ ಎಂಜಿನ್ ತನಕ ಹತ್ತುತ್ತದೆ. ತೊಳೆಯುವುದು ಹೊಲದ ಬೋರಿನ ಸವಳು ನೀರಿನಿಂದಲೇ.

ಹಿಂದಿನ ವರ್ಷ, 2023ರಲ್ಲಿ, ಮೂರು ಘಟನೆ ನಡೆದಿದ್ದವು. ಮೂರನ್ನೂ ಬೇರೆ ಬೇರೆ ಅಂತ ನಾವು ತಿಳಿದಿದ್ದೆವು. ಗಣೇಶ ಚೌತಿ ಹೊತ್ತಿಗೆ ಕ್ಲಚ್ ಗಟ್ಟಿಯಾಗಿ ಕೇಬಲ್ ಬದಲಿಸಿದ್ದರು. ಅಕ್ಟೋಬರ್‌ನಿಂದ ರಾತ್ರಿ ಹೆಡ್‌ಲೈಟ್ ಮಂಕು ಅಂತ ಭಾವ ಹೇಳುತ್ತಿದ್ದರು. ನವೆಂಬರ್‌ನಲ್ಲಿ ಟಕ ಟಕ. ಹಳೆಯ ಬ್ಯಾಟರಿಗೆ ಮೂರೂವರೆ ವರ್ಷ ಆಗಿತ್ತು. ಅಂಗಡಿಯವರು ಅದನ್ನು ಪರೀಕ್ಷಿಸಿ ಚಾರ್ಜ್ ಕಮ್ಮಿ ಇದೆ ಅಂದರು. ಹೊಸದು ಹಾಕಿದ ಕೂಡಲೇ ಗಾಡಿ ಹೊಡೆದ ಹಾಗೆ ಚಾಲೂ ಆಯಿತು. ಎಲ್ಲರಿಗೂ ಸಮಾಧಾನ.

ಇಲ್ಲೇ ನಾವು ಮೋಸ ಹೋಗಿದ್ದು. ಬ್ಯಾಟರಿಯಲ್ಲಿ ಚಾರ್ಜ್ ಕಮ್ಮಿ ಇದ್ದದ್ದು ನಿಜ. ಆದರೆ ಯಾಕೆ ಕಮ್ಮಿ ಇತ್ತು ಅಂತ ಯಾರೂ ಕೇಳಲಿಲ್ಲ.

ಆ ಸದ್ದು ಎಲ್ಲಿಂದ ಬರುತ್ತದೆ

ನಮ್ಮ ಕಡೆ ಸ್ಟಾರ್ಟರ್ ಮೋಟಾರ್‌ಗೆ ಸೆಲ್ಫ್ ಅಂತಲೇ ಹೆಸರು. ಅದರ ಬೆನ್ನ ಮೇಲೆ ಇನ್ನೊಂದು ಸಣ್ಣ ಉರುಳೆ ಕೂತಿರುತ್ತದೆ, ಸೊಲೆನಾಯ್ಡ್. ಚಾವಿ ತಿರುಗಿಸಿದಾಗ ಸಣ್ಣ ತಂತಿಯಿಂದ ಅದಕ್ಕೆ ಕರೆಂಟ್ ಬರುತ್ತದೆ. ಒಳಗಿನ ಕಬ್ಬಿಣದ ಗೂಟ ಸೆಳೆತಕ್ಕೆ ಒಳಗೆ ಹೋಗುತ್ತದೆ. ಅದು ಎರಡು ಕೆಲಸ ಮಾಡುತ್ತದೆ. ಮೋಟಾರಿನ ಹಲ್ಲಿನ ಗಾಲಿಯನ್ನು ತಳ್ಳಿ ಎಂಜಿನ್ನಿನ ದೊಡ್ಡ ಚಕ್ರಕ್ಕೆ, ಅಂದರೆ ಫ್ಲೈವೀಲ್‌ಗೆ, ಕೂಡಿಸುತ್ತದೆ. ಹಾಗೇ ಎರಡು ದಪ್ಪ ತಾಮ್ರದ ಮೊಳೆಗಳನ್ನು ಜೋಡಿಸಿ ಬ್ಯಾಟರಿಯ ದೊಡ್ಡ ಕರೆಂಟನ್ನು ಮೋಟಾರಿಗೆ ಬಿಡುತ್ತದೆ. ಟಕ್ ಅನ್ನುವುದು ಆ ಗೂಟ ಬಡಿಯುವ ಸದ್ದು.

ಸೊಲೆನಾಯ್ಡ್ ಒಳಗೆ ಎರಡು ಸುರುಳಿ ಇರುತ್ತವೆ. ಒಂದು ಸೆಳೆಯುವುದಕ್ಕೆ, ಇನ್ನೊಂದು ಹಿಡಿದಿಡುವುದಕ್ಕೆ. ಗೂಟ ಪೂರ್ತಿ ಒಳಗೆ ಹೋದ ಮೇಲೆ ಸೆಳೆಯುವ ಸುರುಳಿಯ ಕೆಲಸ ಮುಗಿಯುತ್ತದೆ, ಹಿಡಿಯುವ ಸುರುಳಿ ಒಂದೇ ಉಳಿಯುತ್ತದೆ. ಮೋಟಾರ್ ಕರೆಂಟ್ ಎಳೆಯಲು ಶುರು ಮಾಡಿದ ಕ್ಷಣ ವೋಲ್ಟೇಜ್ ಕುಸಿದರೆ, ಆ ಸುರುಳಿಗೆ ಹಿಡಿಯುವ ಶಕ್ತಿ ಸಾಲುವುದಿಲ್ಲ. ಗೂಟ ಹಿಂದಕ್ಕೆ ಹಾರುತ್ತದೆ. ಮೋಟಾರ್ ಕಡಿತವಾದ ಕೂಡಲೇ ವೋಲ್ಟೇಜ್ ಮತ್ತೆ ಏರುತ್ತದೆ, ಗೂಟ ಮತ್ತೆ ಒಳಗೆ. ಸೆಕೆಂಡಿಗೆ ಹಲವು ಸಲ ಇದೇ ನಡೆದರೆ ಟಕಟಕಟಕ.

ಹೊಲದ ಮೋಟಾರ್ ಇಟ್ಟುಕೊಂಡವರಿಗೆ ಇದು ಹೊಸದಲ್ಲ. ಲೈನ್ ವೋಲ್ಟೇಜ್ ಕಮ್ಮಿ ಇದ್ದಾಗ ಬೋರಿನ ಸ್ಟಾರ್ಟರ್ ಡಬ್ಬಿಯೂ ಹೀಗೇ ಕಟಕಟ ಅಂತ ಬಡಿದುಕೊಳ್ಳುತ್ತದೆ, ಅಲ್ವಾ? ಅದೇ ಸಂಗತಿ ಇಲ್ಲಿ 12 ವೋಲ್ಟ್‌ನಲ್ಲಿ.

ನನ್ನ ಹೊಟ್ಟೆಪಾಡಿನ ಕೆಲಸವೇ ಪಂಪ್ ಮೋಟಾರ್ ರಿವೈಂಡಿಂಗ್. ಮೋಟಾರ್ ಸುಟ್ಟಿದೆ ಅಂತ ಯಾರಾದರೂ ಹೊತ್ತು ತಂದರೆ, ಮೊದಲು ಕೇಬಲ್ ಎಷ್ಟು ಉದ್ದ, ಮೋಟಾರ್ ಓಡುವಾಗ ಬೋರಿನ ಬಾಯಲ್ಲಿ ವೋಲ್ಟೇಜ್ ಎಷ್ಟು ಅಂತ ಕೇಳುವವನು ನಾನು. ಕಾರಿನ ವಿಷಯದಲ್ಲಿ ಅದನ್ನು ಕೇಳಲಿಲ್ಲ.

ಟಕಟಕ ಅಂತ ಬೇಗ ಬೇಗ ಬಡಿದರೆ ಬ್ಯಾಟರಿ ಇಳಿದಿದೆ ಅನ್ನುವುದು ಹೆಚ್ಚಿನ ಸಲ ನಿಜವೇ. ಅದಕ್ಕೇ ಎಲ್ಲರ ಬಾಯಲ್ಲೂ ಮೊದಲು ಅದೇ ಬರುತ್ತದೆ. ಒಂದೇ ಒಂದು ಗಟ್ಟಿ "ಟಕ್" ಕೇಳಿ ಸುಮ್ಮನಾದರೆ ಸೊಲೆನಾಯ್ಡ್ ಒಳಗಿನ ಮೊಳೆ ಸುಟ್ಟಿರಬಹುದು, ಸೆಲ್ಫಿನ ಕಾರ್ಬನ್ ಸವೆದಿರಬಹುದು. ಏನೂ ಸದ್ದಿಲ್ಲದಿದ್ದರೆ ಚಾವಿಯ ಸ್ವಿಚ್, ರಿಲೇ, ಫ್ಯೂಸ್, ಸಣ್ಣ ತಂತಿಯ ಕಡೆ ನೋಡಬೇಕು. ಆದರೆ ಸೊಲೆನಾಯ್ಡ್‌ಗೆ ಬೇಕಾದ್ದು ಬ್ಯಾಟರಿಯ ವೋಲ್ಟೇಜ್ ಅಲ್ಲ, ತನ್ನ ತನಕ ಬಂದು ಮುಟ್ಟಿದ ವೋಲ್ಟೇಜ್. ಈ ಎರಡರ ನಡುವೆ ಎಲ್ಲಿ ಕಳೆದುಹೋದರೂ ಸದ್ದು ಒಂದೇ.

ಹೊಲದಲ್ಲಿ ನೋಡಿದ್ದು

ಕೈಯಲ್ಲಿ ಮೀಟರ್ ಇರಲಿಲ್ಲ. ಮೊದಲು ಹಾರ್ನ್ ಒತ್ತಿದೆ. ಗಟ್ಟಿಯಾಗಿ ಕೂಗಿತು. ಬಾನೆಟ್ ಎತ್ತಿ ಬ್ಯಾಟರಿಯ ಎರಡೂ ಟರ್ಮಿನಲ್ ಹಿಡಿದು ತಿರುವಿ ನೋಡಿದೆ. ಹೊಸದಾಗಿ ಹಾಕಿದ್ದು, ಬಿಗಿಯಾಗಿದ್ದವು, ಪುಡಿಯೂ ಇರಲಿಲ್ಲ.

ಆಮೇಲೆ ಅಳಿಯನನ್ನು ಗಾಡಿಯ ಮುಂದೆ ನಿಲ್ಲಿಸಿದೆ. ಅಕ್ಕನ ಮಗ, ಡಿಪ್ಲೊಮಾ ಎರಡನೇ ವರ್ಷ. ಹೆಡ್‌ಲೈಟ್ ಹಾಕಿ, ಬಿಸಿಲಲ್ಲಿ ಕಾಣುವುದಕ್ಕೆ ಟವೆಲ್ ಮರೆ ಮಾಡಿ, ನಾನು ಚಾವಿ ತಿರುಗಿಸಿದಾಗ ಬೆಳಕು ಏನಾಗುತ್ತದೆ ನೋಡು ಅಂದೆ.

"ಏನೂ ಆಗ್ಲಿಲ್ಲ ಮಾಮಾ. ಸ್ವಲ್ಪ ಮಿಣುಕ್ತು ಅಷ್ಟ."

ಇನ್ನೊಂದು ಸಲ ಮಾಡಿದೆ. ಅದೇ ಉತ್ತರ.

ಇದು ದೊಡ್ಡ ಸುಳಿವು. ಬ್ಯಾಟರಿ ನಿಜಕ್ಕೂ ಇಳಿದಿದ್ದರೆ, ಸೆಲ್ಫ್ ಕರೆಂಟ್ ಎಳೆದ ಕ್ಷಣ ಹೆಡ್‌ಲೈಟ್ ಕೆಂಪಗಾಗಿ ಆರಿದಂತೆ ಆಗಬೇಕು. ಸಣ್ಣ ಪೆಟ್ರೋಲ್ ಎಂಜಿನ್ ತಿರುಗಿಸಲು ಸೆಲ್ಫ್ ನೂರು ಆಂಪಿಯರ್‌ಗಿಂತ ಜಾಸ್ತಿ ಎಳೆಯುತ್ತದೆ. ಎರಡು ಹೆಡ್‌ಲೈಟ್ ಸೇರಿ ಎಳೆಯುವುದು ಹತ್ತು ಆಂಪಿಯರ್ ಆಸುಪಾಸು. ಅಷ್ಟು ದೊಡ್ಡ ಎಳೆತಕ್ಕೂ ದೀಪ ಮಂಕಾಗಲಿಲ್ಲ ಅಂದರೆ, ಅಷ್ಟು ಕರೆಂಟ್ ಬ್ಯಾಟರಿಯಿಂದ ಹೊರಡುತ್ತಲೇ ಇಲ್ಲ. ದಾರಿಯಲ್ಲಿ ಏನೋ ತಡೆದಿದೆ.

ಅಷ್ಟರಲ್ಲಿ ಅಕ್ಕ ಇನ್ನೊಂದು ಮಾತು ಹೇಳಿದಳು. "ಚಾವಿ ಭಾಳ ಹೊತ್ತು ಹಿಡಿದ್ರ ಒಂದು ಸುಟ್ಟ ವಾಸನೆ ಬರ್ತದ. ಪ್ಲಾಸ್ಟಿಕ್ ಸುಟ್ಟಂಗ." ಮೂಗು ಹಿಡಿದು ಹುಡುಕಿದೆ. ವಾಸನೆ ಸೆಲ್ಫ್ ಕಡೆಯಿಂದ ಬರುತ್ತಿರಲಿಲ್ಲ. ಕ್ಲಚ್ ಕೇಬಲ್ ಮುಟ್ಟಿದೆ. ಬೆಚ್ಚಗಿತ್ತು. ಎಂಜಿನ್ ಮೂರು ತಾಸಿನಿಂದ ಬಂದ್ ಆಗಿದೆ, ಅಕ್ಕಪಕ್ಕದ ಕಬ್ಬಿಣವೆಲ್ಲ ತಣ್ಣಗಿದೆ, ಆದರೆ ಕ್ಲಚ್ ಕೇಬಲ್ ಬೆಚ್ಚಗಿದೆ! ಅಲ್ಲಿಗೆ ನನಗೆ ಅರ್ಧ ಉತ್ತರ ಸಿಕ್ಕಿತ್ತು.

ಆದರೆ ಹೊತ್ತು ಇಳಿಯುತ್ತಿತ್ತು. ನಾಲ್ಕು ಜನ ಸೇರಿ ದಬ್ಬಿದೆವು. ಚಾವಿ ಆನ್, ಎರಡನೇ ಗೇರ್, ಕ್ಲಚ್ ಒತ್ತಿ ಹಿಡಿದು, ಗಾಡಿ ಓಡಲು ಹತ್ತಿದ ಮೇಲೆ ಕ್ಲಚ್ ಬಿಟ್ಟರೆ ಗಾಲಿಯೇ ಎಂಜಿನ್ ತಿರುಗಿಸುತ್ತದೆ. ಸೆಲ್ಫ್ ಬೇಕಾಗುವುದಿಲ್ಲ. ಒಂದೇ ಸಲಕ್ಕೆ ಚಾಲೂ ಆಯಿತು. ಇಂಧನ, ಸ್ಪಾರ್ಕ್ ಎರಡೂ ಸರಿ ಇವೆ ಅಂತಲೂ ಅದರಿಂದ ಗೊತ್ತಾಯಿತು. ಆಟೋಮ್ಯಾಟಿಕ್ ಗೇರಿನ ಗಾಡಿಗೆ ಈ ಉಪಾಯ ನಡೆಯುವುದಿಲ್ಲ. ದಬ್ಬುವಾಗ ಎಂಜಿನ್ ಬಂದ್ ಇರುವುದರಿಂದ ಬ್ರೇಕ್, ಸ್ಟೀರಿಂಗ್ ಎರಡೂ ಗಟ್ಟಿ ಇರುತ್ತವೆ, ಇಳಿಜಾರಿನಲ್ಲಿ ಹುಷಾರು.

ಮರುದಿನ ಮೀಟರ್ ಹಿಡಿದು

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಅಕ್ಕನ ಮನೆ ಅಂಗಳದಲ್ಲಿ ಕೂತೆವು. ಚಳಿ ಇತ್ತು. ಸಿದ್ಧೇಶ್ವರ ಜಾತ್ರೆಗೆ ಬೀಗರು ಬರುವವರಿದ್ದರು, ಸಂಕ್ರಾಂತಿಗೆ ಮೂರೇ ದಿನ. ಗಾಡಿ ಬೇಕೇ ಬೇಕು ಅಂತ ಅಕ್ಕ ಹೇಳಿಯಾಗಿತ್ತು. ಗೇರ್ ನ್ಯೂಟ್ರಲ್‌ಗೆ ತಂದು ಹ್ಯಾಂಡ್‌ಬ್ರೇಕ್ ಎಳೆದು ಕೆಲಸ ಶುರು ಮಾಡಿದೆವು.

ಮೊದಲು ಬ್ಯಾಟರಿ. ರಾತ್ರಿಯೆಲ್ಲ ಸುಮ್ಮನೆ ನಿಂತ ಗಾಡಿ, ಎರಡು ಟರ್ಮಿನಲ್ ನಡುವೆ 12.3 ವೋಲ್ಟ್. ಪೂರ್ತಿ ಚಾರ್ಜ್ ಆದ ಲೆಡ್ ಆಸಿಡ್ ಬ್ಯಾಟರಿ 12.6ರಿಂದ 12.7 ತೋರಿಸಬೇಕು. 12.2 ಅಂದರೆ ಅರ್ಧದಷ್ಟು. ಅಂದರೆ ಎರಡು ತಿಂಗಳ ಹೊಸ ಬ್ಯಾಟರಿ ಅರ್ಧ ಖಾಲಿಗೆ ಹತ್ತಿರ ಇದೆ. ಒಳ್ಳೆಯ ಲಕ್ಷಣವಲ್ಲ. ಆದರೆ ಎಂಜಿನ್ ತಿರುಗಿಸಲೇ ಆಗದಷ್ಟು ಬಡವೂ ಅಲ್ಲ.

ಇನ್ನು ಮೀಟರಿನ ಕಡ್ಡಿಗಳನ್ನು ಅಲ್ಲೇ ಹಿಡಿದು ಅಕ್ಕನಿಗೆ ಚಾವಿ ತಿರುಗಿಸಲು ಹೇಳಿದೆ. ಟಕಟಕಟಕ. ಮೀಟರ್ 12.0 ಆಸುಪಾಸು ಅಲ್ಲಾಡಿತು, ಕೆಳಗೆ ಬೀಳಲಿಲ್ಲ. ಒಳ್ಳೆಯ ಬ್ಯಾಟರಿಯೂ ಸೆಲ್ಫ್ ತಿರುಗುವಾಗ ಹತ್ತು ಹನ್ನೊಂದಕ್ಕೆ ಇಳಿಯುತ್ತದೆ. 9.6ಕ್ಕಿಂತ ಕೆಳಗೆ ಹೋದರೆ ಬ್ಯಾಟರಿಯನ್ನು ಅನುಮಾನಿಸಬೇಕು. ಇಲ್ಲಿ ಅದು ಇಳಿಯಲೇ ಇಲ್ಲ. ಹೊಲದಲ್ಲಿ ದೀಪ ಹೇಳಿದ್ದನ್ನೇ ಮೀಟರ್ ಅಂಕಿಯಲ್ಲಿ ಹೇಳಿತು. ನವೆಂಬರ್‌ನಲ್ಲಿ ಈ ಒಂದು ಅಳತೆ ಮಾಡಿದ್ದರೆ ಸಾಕಿತ್ತು.

ಇಷ್ಟಾದ ಮೇಲೆ ದಾರಿ ಎರಡೇ. ಬ್ಯಾಟರಿಯ ಪ್ಲಸ್‌ನಿಂದ ಸೆಲ್ಫ್ ತನಕ ಹೋಗುವ ದಾರಿ, ಸೆಲ್ಫಿನಿಂದ ಮೈನಸ್‌ಗೆ ವಾಪಸ್ ಬರುವ ದಾರಿ. ಹೋಗುವ ದಾರಿಗೆ ಕೆಂಪು ದಪ್ಪ ಕೇಬಲ್ ಇರುತ್ತದೆ, ಎಲ್ಲರೂ ನೋಡುತ್ತಾರೆ. ವಾಪಸ್ ಬರುವ ದಾರಿ ಕಣ್ಣಿಗೆ ಬೀಳುವುದಿಲ್ಲ. ಸೆಲ್ಫಿಗೆ ಬೇರೆ ಮೈನಸ್ ವೈರ್ ಇಲ್ಲ. ಅದರ ಕಬ್ಬಿಣದ ಮೈಯೇ ಮೈನಸ್. ಅದು ಎಂಜಿನ್‌ಗೆ ಬೋಲ್ಟ್ ಆಗಿದೆ. ಆದರೆ ಎಂಜಿನ್ ಕೂತಿರುವುದು ರಬ್ಬರಿನ ಮೇಲೆ, ನಡುಕ ಬಾಡಿಗೆ ತಾಗದಿರಲಿ ಅಂತ. ರಬ್ಬರ್ ಕರೆಂಟ್ ಬಿಡುವುದಿಲ್ಲ. ಹಾಗಾಗಿ ಬಾಡಿಗೂ ಎಂಜಿನ್‌ಗೂ ನಡುವೆ ಒಂದು ತಾಮ್ರದ ಪಟ್ಟಿ ಹಾಕಿರುತ್ತಾರೆ. ಮಿಸ್ತ್ರಿಗಳು ಅರ್ತ್ ಪಟ್ಟಿ ಅನ್ನುತ್ತಾರೆ. ಈ ಗಾಡಿಯಲ್ಲಿ ಬ್ಯಾಟರಿ ಮೈನಸ್ ಬಾಡಿಗೆ ಬಂದು, ಬಾಡಿಯಿಂದ ಪಟ್ಟಿ ಎಂಜಿನ್‌ಗೆ ಬಿಗಿದ ಗೇರ್‌ಬಾಕ್ಸ್‌ಗೆ ಹೋಗುತ್ತದೆ.

ಕೆಂಪು ದಾರಿ ಮೊದಲು ನೋಡಿದೆವು. ಒಂದು ಕಡ್ಡಿ ಬ್ಯಾಟರಿಯ ಪ್ಲಸ್ ಮೇಲೆ, ಇನ್ನೊಂದು ಸೆಲ್ಫಿನ ದಪ್ಪ ಬೋಲ್ಟ್ ಮೇಲೆ. ಚಾವಿ ತಿರುಗಿಸಿದಾಗ 0.1 ವೋಲ್ಟ್. ಅಲ್ಲಿ ಕಳವು ಇಲ್ಲ.

ಅರ್ತ್ ಕಡೆ ಬಂದಾಗ ಅಳಿಯ ಮೀಟರ್ ಕಸಿದುಕೊಂಡ. ದಾರಿ ಕೂಡಿದ್ದರೆ ಬೀಪ್ ಬರುವ ಕಡೆ ತಿರುಗಿಸಿ, ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಎಂಜಿನ್‌ಗೆ. ಬೀಪ್ ಅಂತು.

"ಅರ್ತ್ ಸರಿ ಐತಿ ಮಾಮಾ."

ಈ ಬೀಪ್ ಬಗ್ಗೆ ನಾನು ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ. ಇದರಿಂದ ದಾರಿ ತಪ್ಪಿದ ಗಾಡಿಗಳಿಗೆ ಲೆಕ್ಕವಿಲ್ಲ. ಬೀಪ್ ಪರೀಕ್ಷೆಯಲ್ಲಿ ಮೀಟರ್ ತನ್ನ ಸಣ್ಣ ಸೆಲ್ಲಿನಿಂದ ಬಿಡುವ ಕರೆಂಟ್ ಒಂದು ಆಂಪಿಯರಿನ ಸಾವಿರದ ಒಂದೆರಡು ಪಾಲು ಅಷ್ಟೇ. ತಾಮ್ರದ ಪಟ್ಟಿಯಲ್ಲಿ ನೂರಾರು ಎಳೆ ಕಡಿದುಹೋಗಿ ನಾಲ್ಕು ಎಳೆ ಉಳಿದಿದ್ದರೂ ಅಷ್ಟು ಕರೆಂಟ್ ಆರಾಮಾಗಿ ದಾಟುತ್ತದೆ. ಹೊಲದ ಬದುವಿನ ಮೇಲೆ ಒಬ್ಬ ಮನುಷ್ಯ ನಡೆದು ಹೋಗಬಹುದು. ಅವನು ಹೋದ ಅಂತ ರಾಶಿ ತುಂಬಿದ ಚಕ್ಕಡಿಯನ್ನು ಅದರ ಮೇಲೆ ಬಿಟ್ಟರೆ?

ಓಮ್ ಲೆಕ್ಕದಲ್ಲಿ ನೋಡಿದರೂ ಅಷ್ಟೇ. ಅರ್ತ್‌ನಲ್ಲಿ 0.1 ಓಮ್ ತಡೆ ಇದೆ ಅಂದುಕೊಳ್ಳಿ. ಮೀಟರಿನ ಕಡ್ಡಿ, ವೈರುಗಳಲ್ಲೇ ಅದಕ್ಕಿಂತ ಜಾಸ್ತಿ ತಡೆ ಇರುತ್ತದೆ, ಹಾಗಾಗಿ ಮಾಮೂಲಿ ಮೀಟರಿಗೆ ಅದು ಕಾಣುವುದೇ ಇಲ್ಲ. ಆದರೆ ಆ 0.1 ಓಮ್ ಮೂಲಕ 80 ಆಂಪಿಯರ್ ಹರಿದರೆ 8 ವೋಲ್ಟ್ ಅಲ್ಲೇ ತಿಂದುಹೋಗುತ್ತದೆ. ಹನ್ನೆರಡರಲ್ಲಿ ಎಂಟು ಹೋದರೆ ಸೆಲ್ಫಿಗೆ ನಾಲ್ಕು. ನಾಲ್ಕು ವೋಲ್ಟಿಗೆ ಯಾವ ಸೆಲ್ಫೂ ಎಂಜಿನ್ ತಿರುಗಿಸಲ್ಲ, ಸೊಲೆನಾಯ್ಡ್ ಕೂಡ ಹಿಡಿದು ನಿಲ್ಲಲ್ಲ. ಹೊರೆ ಹೊತ್ತಾಗಲೇ ಅಳೆಯಬೇಕು. ಬೇರೆ ದಾರಿ ಇಲ್ಲ.

ಮೀಟರನ್ನು ಮತ್ತೆ 20 ವೋಲ್ಟ್ ಡಿಸಿಗೆ ತಿರುಗಿಸಿದೆ. ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್ ಕಂಬದ ಮೇಲೆ, ಕ್ಲ್ಯಾಂಪ್ ಮೇಲೆ ಅಲ್ಲ. ಕೆಂಪು ಕಡ್ಡಿಯನ್ನು ಎಂಜಿನ್ ಬ್ಲಾಕಿನ ಒಂದು ಶುದ್ಧ ಬೋಲ್ಟ್ ಮೇಲೆ ಒತ್ತಿ ಹಿಡಿಯಲು ಅಳಿಯನಿಗೇ ಹೇಳಿದೆ. ಸರಿ ಇದ್ದರೆ ಸೆಲ್ಫ್ ತಿರುಗುವಾಗಲೂ ಇಲ್ಲಿ 0.2 ವೋಲ್ಟ್ ದಾಟಬಾರದು.

ಅಕ್ಕ ಚಾವಿ ತಿರುಗಿಸಿದಳು. ಅಂಕಿ ಒಂದು ಕಡೆ ನಿಲ್ಲಲಿಲ್ಲ. 3, 7, 5, 8. ಸೊಲೆನಾಯ್ಡ್ ಬಡಿದ ತಾಳಕ್ಕೆ ಅದೂ ಕುಣಿಯಿತು. ಅಳಿಯ ಬಾಯಿ ಬಿಟ್ಟು ನೋಡುತ್ತಿದ್ದ. ಈಗಷ್ಟೇ ಬೀಪ್ ಅಂದ ಅದೇ ಜಾಗ.

ಕೆಂಪು ಕಡ್ಡಿಯನ್ನು ಎಂಜಿನ್ ಬಿಟ್ಟು ಬಾಡಿಯ ಕಬ್ಬಿಣಕ್ಕೆ ಹಿಡಿದೆವು. 0.05. ಅಂದರೆ ಬ್ಯಾಟರಿಯಿಂದ ಬಾಡಿ ತನಕ ಸರಿ ಇದೆ. ಬಾಡಿಯಿಂದ ಎಂಜಿನ್‌ಗೆ ಹೋಗುವ ಆ ಒಂದು ಪಟ್ಟಿಯಲ್ಲೇ ತೊಂದರೆ. ಹೆಡ್‌ಲೈಟ್, ಹಾರ್ನ್ ಎರಡರ ಅರ್ತ್ ಬಾಡಿಗೇ ಇರುವುದರಿಂದ ಅವು ಆರಾಮಾಗಿದ್ದವು.

ಪಟ್ಟಿ ಬಿಚ್ಚುವ ಮೊದಲು ಖಾತ್ರಿ ಮಾಡಿಕೊಳ್ಳೋಣ ಅಂತ ಜಂಪರ್ ಕೇಬಲ್ ತಂದೆ, ಒಂದು ಗಾಡಿಯ ಬ್ಯಾಟರಿಯಿಂದ ಇನ್ನೊಂದಕ್ಕೆ ಕರೆಂಟ್ ಕೊಡುವ ದಪ್ಪ ಕೇಬಲ್ ಜೋಡಿ. ಕಪ್ಪು ಕೇಬಲ್ ಒಂದೇ ಸಾಕು. ಒಂದು ತುದಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ತುದಿ ಎಂಜಿನ್ ಎತ್ತುವ ಕೊಂಡಿಗೆ. ಎಂಜಿನ್ ಕಡೆಯ ತುದಿಯನ್ನೇ ಕೊನೆಗೆ ಹಚ್ಚಬೇಕು, ಕಿಡಿ ಬಂದರೆ ಬ್ಯಾಟರಿಯಿಂದ ದೂರ ಇರಲಿ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಅದು ಹತ್ತಿಕೊಳ್ಳುವ ಅನಿಲ.

ಅಕ್ಕ ಚಾವಿ ತಿರುಗಿಸಿದಳು. ಅರ್ಧ ಸೆಕೆಂಡಿಗೆ ಎಂಜಿನ್ ಎದ್ದಿತು. ಅವಳು ಚಾವಿ ಬಿಡುವುದನ್ನೇ ಮರೆತಳು, ಸೆಲ್ಫ್ ಕರ್ರ್ ಅಂತು.

ಹಳೆಯ ಘಟನೆಗಳ ಗಂಟು

ಗಾಡಿ ಚಾಲೂ ಇದ್ದಾಗಲೇ ಜಂಪರ್ ತೆಗೆದು ಇನ್ನೊಂದು ಅಳತೆ ಮಾಡಿದೆ. ನನಗೆ ಈ ಭಾಗವೇ ಎಲ್ಲಕ್ಕಿಂತ ಮುಖ್ಯ.

ಬ್ಯಾಟರಿ ಮೇಲೆ 13.3 ವೋಲ್ಟ್. ಹೆಡ್‌ಲೈಟ್, ಬ್ಲೋವರ್ ಹಾಕಿದರೆ 12.6. ಚಾರ್ಜ್ ಆಗಬೇಕಾದರೆ ಹದಿನಾಲ್ಕರ ಹತ್ತಿರ ಇರಬೇಕು. ಇಷ್ಟನ್ನೇ ನೋಡಿದರೆ ಯಾರಾದರೂ ಬ್ಯಾಟರಿ ಚಾರ್ಜ್ ಮಾಡುವ ಡೈನಮೋ (ಆಲ್ಟರ್ನೇಟರ್) ಹೋಗಿದೆ ಅನ್ನುತ್ತಾರೆ, ಇನ್ನೊಂದು ದೊಡ್ಡ ಖರ್ಚು. ಆದರೆ ಡೈನಮೋದ ಬೋಲ್ಟಿಗೂ ಅದರ ಸ್ವಂತ ಮೈಗೂ ನಡುವೆ ಅಳೆದಾಗ 14.2. ಡೈನಮೋ ತನ್ನ ಕೆಲಸ ಸರಿಯಾಗಿ ಮಾಡುತ್ತಿದೆ. ಅದೂ ಎಂಜಿನ್‌ಗೇ ಕೂತಿದೆ, ಅದರ ಕರೆಂಟ್ ವಾಪಸ್ ಬರುವುದೂ ಅದೇ ಮುರುಕು ಪಟ್ಟಿಯ ಮೇಲೆ. ನಡುವೆ ಒಂದು, ಒಂದೂವರೆ ವೋಲ್ಟ್ ಕಳೆದುಹೋಗುತ್ತಿತ್ತು.

ಅಂದರೆ ಬ್ಯಾಟರಿಗೆ ತಿಂಗಳುಗಟ್ಟಲೆ ಹೊಟ್ಟೆ ತುಂಬಿರಲಿಲ್ಲ. ರಾತ್ರಿ ಓಡಿಸಿದರೆ ಚಾರ್ಜ್ ಆಗುವುದೇ ಇಲ್ಲ. ಭಾವ ಹೇಳುತ್ತಿದ್ದ ಮಂಕು ಹೆಡ್‌ಲೈಟ್‌ಗೂ ಅದೇ ಕಾರಣ. ಎಂಜಿನ್ ಚಾಲೂ ಆದ ಮೇಲೆ ದೀಪ ಬೆಳ್ಳಗಾಗಬೇಕು, ಇದರಲ್ಲಿ ಆಗುತ್ತಿರಲಿಲ್ಲ. ನವೆಂಬರ್‌ನಲ್ಲಿ ಅಂಗಡಿಯವರು ಚಾರ್ಜ್ ಕಮ್ಮಿ ಅಂದದ್ದು ಸುಳ್ಳಲ್ಲ. ಹೊಸ ಬ್ಯಾಟರಿ ತುಂಬು ಚಾರ್ಜ್‌ನಲ್ಲಿ ಬಂದಿದ್ದರಿಂದ, ಆಗ ಪಟ್ಟಿಯಲ್ಲಿ ಇನ್ನೂ ಸ್ವಲ್ಪ ಎಳೆ ಉಳಿದಿದ್ದರಿಂದ, ಏಳೆಂಟು ವಾರ ನಡೆಯಿತು. ಆಮೇಲೆ ಅದೂ ಹಸಿದು ಇಳಿಯಿತು, ಎಳೆಗಳೂ ಇನ್ನಷ್ಟು ಕಡಿದವು.

ಇನ್ನು ಕ್ಲಚ್ ಕೇಬಲ್. ಪಟ್ಟಿ ತಡೆದಾಗ ಕರೆಂಟ್ ಸುಮ್ಮನಿರುವುದಿಲ್ಲ, ಎಂಜಿನ್‌ಗೂ ಬಾಡಿಗೂ ನಡುವೆ ಬೇರೆ ಲೋಹ ಎಲ್ಲಿದೆ ಅಂತ ನುಗ್ಗುತ್ತದೆ. ಗೇರ್‌ಬಾಕ್ಸ್‌ನಿಂದ ಬಾಡಿಗೆ ಹೋಗುವ ಉಕ್ಕಿನ ತಂತಿ ಅಂದರೆ ಕ್ಲಚ್ ಕೇಬಲ್. ಅದು ಕಾದು ಒಳಗಿನ ಪ್ಲಾಸ್ಟಿಕ್ ಪದರ ಕರಗಿ ಅಂಟಿಕೊಳ್ಳುತ್ತದೆ. ಗಣೇಶ ಚೌತಿಗೆ ಕ್ಲಚ್ ಗಟ್ಟಿಯಾದದ್ದು ಸವೆದು ಅಲ್ಲ, ಕಾದು. ಸೆಪ್ಟೆಂಬರ್‌ನಲ್ಲೇ ಗಾಡಿ ತನ್ನ ಕಾಯಿಲೆ ಹೇಳಿತ್ತು.

ಬಿಚ್ಚಿ ಕಟ್ಟಿದ್ದು

ಬ್ಯಾಟರಿ ಬಿಚ್ಚುವಾಗ ಮೈನಸ್ ಮೊದಲು. ಪ್ಲಸ್ ಮೊದಲು ಬಿಚ್ಚಲು ಹೋಗಿ ಪಾನಾ ಬಾಡಿಗೆ ತಾಗಿದರೆ ನೂರಾರು ಆಂಪಿಯರ್ ಆ ಪಾನಾದಲ್ಲೇ ಹರಿಯುತ್ತದೆ. ಹಾಕುವಾಗ ಮೈನಸ್ ಕೊನೆಗೆ.

ಬ್ಯಾಟರಿ ಕೂರುವ ತಟ್ಟೆ ತೆಗೆದಾಗ ಪಟ್ಟಿ ಕಂಡಿತು. ಮೇಲೆ ಎಣ್ಣೆ, ಎರೆ ಮಣ್ಣಿನ ಕಪ್ಪು ಪದರ. ನೋಡಿದರೆ ಇಡೀ ಪಟ್ಟಿ ಗಟ್ಟಿಯಾಗೇ ಇದೆ ಅನ್ನಿಸುತ್ತದೆ. ಬಾಡಿ ಕಡೆಯ ಬೋಲ್ಟ್ ಸಡಿಲ ಮಾಡಿ ಎಳೆದ ಕೂಡಲೇ ಬೋಲ್ಟ್ ತೂರಿಸುವ ಕಣ್ಣಿಯ ಬುಡದಲ್ಲಿ ಪಟ್ಟಿ ಮುರಿದು ಕೈಗೆ ಬಂತು. ಒಳಗೆಲ್ಲ ಹಸಿರು ಪುಡಿ. ಸರಿಯಾಗಿ ತಟ್ಟೆಯ ತೂತಿನ ಕೆಳಗೇ ಇತ್ತು ಅದು. ಹಳೆಯ ಬ್ಯಾಟರಿ ನೀರು ಹಾಕುವಂಥದ್ದು, ತುಂಬಿ ತುಳುಕಿದಾಗಲೆಲ್ಲ ಆಸಿಡ್ ಹನಿ ಆ ತೂತಿನಿಂದ ಪಟ್ಟಿಯ ಮೇಲೆ ಬಿದ್ದಿದೆ. ಮೇಲಿಂದ ಸವಳು ನೀರಿನ ತೊಳೆತ. ಬ್ಯಾಟರಿ ಬದಲಿಸುವಾಗ ಮೇಲಿನ ಟರ್ಮಿನಲ್ ಉಜ್ಜಿ ಹೊಳೆಯಿಸಿದ್ದರು, ತಟ್ಟೆಯ ಕೆಳಗೆ ಯಾರೂ ಬಗ್ಗಿ ನೋಡಿರಲಿಲ್ಲ.

ಅಡುಗೆ ಸೋಡಾ ಕಲಸಿದ ನೀರು ಸುರಿದೆವು. ನೊರೆ ಎದ್ದಿತು. ನೊರೆ ನಿಲ್ಲುವ ತನಕ ಸುರಿದು, ಆಮೇಲೆ ಸಿಹಿ ನೀರಿನಿಂದ ತೊಳೆದು ಒಣಗಿಸಿದೆವು. ಬಾಡಿ ಕಡೆ ಬೋಲ್ಟಿನ ಸುತ್ತ ತುಕ್ಕು, ಬಣ್ಣ ಎರಡನ್ನೂ ಸ್ಯಾಂಡ್‌ಪೇಪರಿನಿಂದ ಕೆರೆದು ಬೆಳ್ಳಿಯ ಹಾಗೆ ಹೊಳೆಯುವ ತನಕ ಉಜ್ಜಿದೆ. ಬಣ್ಣದ ಮೇಲೆ ಬೋಲ್ಟ್ ಬಿಗಿದರೆ ಎಷ್ಟು ಬಿಗಿದರೂ ಅಷ್ಟೇ. 25 ಚದರ ಮಿಲಿಮೀಟರ್ ತಾಮ್ರದ ಕೇಬಲ್ ಎರಡು ತುಂಡು, ತುದಿಗೆ ಕಣ್ಣಿ ಒತ್ತಿಸಿ ತಂದಿದ್ದೆ. ಒಂದು ಹಳೆಯ ಜಾಗಕ್ಕೆ. ಇನ್ನೊಂದು ಬ್ಯಾಟರಿ ಮೈನಸ್‌ನಿಂದ ನೇರ ಎಂಜಿನ್‌ಗೆ. ಎರಡನೆಯದು ಬೇಕೇ ಬೇಕು ಅಂತಿಲ್ಲ, ಆದರೆ ಹೊಲಕ್ಕೆ ಹೋಗುವ ಗಾಡಿಗೆ ಇರಲಿ ಅನ್ನಿಸಿತು. ಬಿಗಿದ ಮೇಲೆ ಮೇಲಿನಿಂದ ಪೆಟ್ರೋಲಿಯಂ ಜೆಲ್ಲಿ ಹಚ್ಚಿದೆ. ಎರಡೂ ಸೇರಿ ಖರ್ಚು ಐನೂರರ ಒಳಗೆ. ಕಾದು ಕಂದಾಗಿದ್ದ ಕ್ಲಚ್ ಕೇಬಲ್ ಮತ್ತೆ ಬದಲಿಸಬೇಕಾಯಿತು, ಅದು ಬೇರೆ.

ಚಾವಿ ತಿರುಗಿಸಿದಾಗ ಬ್ಯಾಟರಿ ಮೈನಸ್‌ನಿಂದ ಎಂಜಿನ್‌ಗೆ ಈಗ 0.08 ವೋಲ್ಟ್. ಎಂಜಿನ್ ಓಡುವಾಗ ಬ್ಯಾಟರಿ ಮೇಲೆ 14.1, ಎಲ್ಲ ದೀಪ ಹಾಕಿದರೂ 13.9. ಬ್ಯಾಟರಿಯನ್ನು ಆ ರಾತ್ರಿ ಹೊರಗಿನ ಚಾರ್ಜರಿಗೆ ಹಚ್ಚಿದೆವು. ಒಂದು ದಿನ ಬಿಟ್ಟು ನೋಡಿದಾಗ 12.65 ನಿಂತಿತ್ತು. ಎರಡು ತಿಂಗಳು ಅರೆಹೊಟ್ಟೆಯಲ್ಲಿದ್ದರೂ ಅದು ಕೆಟ್ಟಿರಲಿಲ್ಲ. ಅರೆ ಚಾರ್ಜ್‌ನಲ್ಲೇ ಬಹಳ ಕಾಲ ಬಿಟ್ಟರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಬ್ಯಾಟರಿ ಮತ್ತೆ ಮೇಲೇಳುವುದಿಲ್ಲ.

ಹಳೆಯ ಬ್ಯಾಟರಿಯ ಬಗ್ಗೆ ಮಾತ್ರ ಮನಸ್ಸಿಗೆ ಚುಚ್ಚುತ್ತಲೇ ಇದೆ. ಅದನ್ನು ವಿನಿಮಯಕ್ಕೆ ಕೊಟ್ಟಾಗಿತ್ತು. ಚಾರ್ಜ್ ಮಾಡಿ ನೋಡಿದ್ದರೆ ಇನ್ನೊಂದು ವರ್ಷ ಬರುತ್ತಿತ್ತೋ ಏನೋ. ಅಕ್ಕನಿಗೆ ಇದನ್ನು ಬಾಯಿ ಬಿಟ್ಟು ಹೇಳಿದೆ. ಅವಳು, "ಹೋಗ್ಲಿ ಬಿಡು, ಈಗ ಫೋನಿನಾಗ ಹೇಳಬ್ಯಾಡ, ಬಂದು ನೋಡು" ಅಂದಳು.

ಹಾಗೇ ಮಾಡುತ್ತಿದ್ದೇನೆ. ಮಳೆಗಾಲ ಮುಗಿದ ಮೇಲೆ, ಅಕ್ಟೋಬರ್‌ನಲ್ಲಿ ಮೀಟರ್ ತಗೊಂಡು ಹೋಗಿ ಅದೇ ಎರಡು ಜಾಗದಲ್ಲಿ ಕಡ್ಡಿ ಇಟ್ಟೆ. ಕಡ್ಡಿ ಹಿಡಿದವನು ಅಳಿಯ, ಚಾವಿ ತಿರುಗಿಸಿದವಳು ಅಕ್ಕ. 0.09.